ಮಾತಿನ ಮೇಷ್ಟ್ರು ತಂದ ಟಿಕೆಟ್

ಗಂಡ ಹೆಂಡತಿ ಹೇಗೆ ಮಾತಾಡಬೇಕು ಎಂದು ಹೇಳಿಕೊಡುವುದು ನನ್ನ ಉದ್ಯೋಗ. ನಗಬೇಡಿ, ಇದಕ್ಕೆ ಸರ್ಕಾರದಿಂದ ಸಂಬಳ ಬರುತ್ತದೆ. ಜಾವಾ ದ್ವೀಪದ ನಮ್ಮ ವೊನೊಗಿರಿ ಕಡೆ ಮದುವೆ ನೋಂದಣಿ ಕಚೇರಿಯಲ್ಲಿ ಮಂಗಳವಾರ ಬೆಳಗ್ಗೆ ಮದುವೆಯಾಗಲಿರುವ ಜೋಡಿಗಳನ್ನು ಕೂರಿಸಿಕೊಂಡು ಪಾಠ ಮಾಡುತ್ತಾರೆ. ಮಾಡುತ್ತಾರೆ ಎಂದರೆ ನಾನೇ ಮಾಡುತ್ತೇನೆ. ಜಕಾರ್ತದಿಂದ ಕಳಿಸಿದ ಚಿತ್ರಗಳನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟು, ಕೈಯಲ್ಲೊಂದು ಕೋಲು ಹಿಡಿದು, "ಮನಸ್ಸಲ್ಲಿರೋದನ್ನ ನೇರವಾಗಿ ಹೇಳಿ, ಎದುರಿನವರು ಊಹೆ ಮಾಡ್ಕೊಳ್ಳಲಿ ಅಂತ ಕಾಯಬೇಡಿ" ಎಂದು ಒದರುತ್ತೇನೆ. ಊರಿನವರು ನನಗೆ ಇಟ್ಟಿರುವ ಹೆಸರು ಮಾತಿನ ಮೇಷ್ಟ್ರು. ಹೆತ್ತವರು ಇಟ್ಟದ್ದು ಸರ್ವೋಕೊ.

ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಆ ಬದನೆಕಾಯಿ ನನ್ನ ಮನೆಯ ಹಿತ್ತಲಲ್ಲೇ ಬೆಳೆಯುತ್ತದೆ. ನಮ್ಮ ಮನೆಯಲ್ಲಿ ಮಾತುಕತೆ ನಡೆಯುವುದು ಚಹಾದ ಲೋಟದಲ್ಲಿ. ಸಕ್ಕರೆ ಧಾರಾಳವಾಗಿದ್ದರೆ ಎಲ್ಲ ಕ್ಷೇಮ. ಸಕ್ಕರೆ ಕಡಿಮೆಯಾಗಿದ್ದರೆ ನಾನು ಏನನ್ನೋ ಮರೆತಿದ್ದೇನೆ. ಸಕ್ಕರೆಯೇ ಇಲ್ಲದಿದ್ದರೆ ಮನೆಗೆ ನನ್ನ ಅಕ್ಕ ಬಂದು ಹೋಗಿದ್ದಾಳೆ. ನನ್ನ ಹೆಂಡತಿ ವಿನಾರ್ಸಿ ಒಂದು ದಿನವೂ ನನ್ನ ಮೇಲೆ ದನಿ ಎತ್ತಿದವಳಲ್ಲ. ನಾನೂ ಎತ್ತಿದವನಲ್ಲ. ನಾನು ಕೆಮ್ಮುತ್ತೇನೆ. ಊಟ ರುಚಿಸದಿದ್ದರೆ ಒಂದು ಕೆಮ್ಮು, ಎದುರು ಮನೆಯವರ ಹತ್ತಿರ ಅವಳು ಬಹಳ ಹೊತ್ತು ನಿಂತರೆ ಎರಡು. ಈ ಕೆಮ್ಮಿಗೆ ಅವಳು ಮೊದಲ ವರ್ಷ ಶುಂಠಿ ಕಷಾಯ ಮಾಡಿ ಕೊಟ್ಟಳು, ಎರಡನೇ ವರ್ಷದಿಂದ ಅರ್ಥ ಮಾಡಿಕೊಂಡಳು.

ನಮ್ಮ ಮದುವೆ ನಡೆದದ್ದೂ ಹೀಗೆಯೇ. ನನ್ನ ದೊಡ್ಡಪ್ಪ ಅವಳ ಅಪ್ಪನ ಜಗಲಿಯಲ್ಲಿ ಒಂದು ಇಡೀ ಮಧ್ಯಾಹ್ನ ಕೂತು ಆಡಿನ ಜ್ವರದ ಬಗ್ಗೆ ಮಾತಾಡಿದ. ಅವಳ ಅಪ್ಪ ಮರಗೆಣಸಿನ ಬೆಳೆಯ ಬಗ್ಗೆ ಮಾತಾಡಿದ. ಎದ್ದು ಹೊರಡುವಾಗ ದೊಡ್ಡಪ್ಪ, "ನಿಮ್ಮ ಅಂಗಳದ ಮಲ್ಲಿಗೆ ಬಳ್ಳಿಗೆ ಯಾರಾದ್ರೂ ಬೇಲಿ ಹಾಕಿದಾರೇನು?" ಎಂದ. "ಇನ್ನೂ ಇಲ್ಲ" ಎಂದ ಅವಳ ಅಪ್ಪ. ಅಷ್ಟೇ. ಆ ಮಾತುಕತೆಯಲ್ಲಿ ನನ್ನ ಹೆಸರೂ ಬರಲಿಲ್ಲ, ಅವಳ ಹೆಸರೂ ಬರಲಿಲ್ಲ. ಮಗಳು ಹುಟ್ಟಿದ ಮೇಲಂತೂ ಹೆಸರಿನ ಗೊಡವೆಯೇ ತಪ್ಪಿತು. ನಾನು ಅವಳಿಗೆ 'ಪಾಕ್', ಅವಳು ನನಗೆ 'ಬೂ', ಅಂದರೆ ಅಪ್ಪ ಮತ್ತು ಅಮ್ಮ; ಊರಿನವರೂ ಹಿರಿಯರನ್ನು ಮರ್ಯಾದೆಗೆ ಹೀಗೇ ಕರೆಯುತ್ತಾರೆ. ಈಗ ಆ ಮಗಳೂ ಮದುವೆಯಾಗಿ ಸೋಲೋ ಪಟ್ಟಣ ಸೇರಿದ್ದಾಳೆ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಒಬ್ಬರನ್ನೊಬ್ಬರು ಅಪ್ಪ ಅಮ್ಮ ಎಂದು ಕರೆದುಕೊಂಡಿದ್ದೇವೆ.

ಮೊನ್ನೆ ಮೊನ್ನೆ ಒಂದು ಸಂಜೆ ವಿನಾರ್ಸಿ ನನ್ನೆದುರು ಚಹಾ ಇಟ್ಟಳು. ಸಕ್ಕರೆ ಸರಿಯಾಗಿತ್ತು, ಹಾಗಾಗಿ ನಾನು ಮೈಮರೆತು ಕೂತಿದ್ದೆ.

"ಪಾಕ್, ತುಮಿನಿ ಫೋನ್ ಮಾಡಿದ್ಲು" ಎಂದಳು. ತುಮಿನಿ ಅವಳ ತಂಗಿ. ನಮ್ಮೂರಿನ ಅರ್ಧ ಜನರ ಹಾಗೆ ಸಮುದ್ರ ದಾಟಿ ಹೋಗಿ ಕಾಲಿಮಂತಾನಿನ ಬಾಲಿಕ್‌ಪಾಪಾನಿನಲ್ಲಿ ಕೋಳಿ ಸಾರಿನ ಅಂಗಡಿ ಇಟ್ಟಿದ್ದಾಳೆ. "ಬಂದರಿನ ಹತ್ರ ಇನ್ನೊಂದು ಅಂಗಡಿ ತೆಗೀತಾಳಂತೆ. ಅಡುಗೆಮನೆ ನೋಡಿಕೊಳ್ಳೋಕೆ ನಂಬೋ ಜನ ಇಲ್ವಂತೆ. ಒಂದು ವರ್ಷದ ಮಟ್ಟಿಗೆ ಅಕ್ಕ ಬರ್ತೀಯಾ ಅಂತ ಕೇಳಿದ್ಲು. ನೀವೇನಂತೀರಿ?"

ವಿನಾರ್ಸಿ ಇಲ್ಲದ ಮನೆಯನ್ನು ನಾನು ಕಲ್ಪಿಸಿಕೊಳ್ಳಲಾರೆ. ನನ್ನ ಕನ್ನಡಕ ಎಲ್ಲಿದೆ ಎಂದು ಗೊತ್ತಿರುವುದು ಅವಳಿಗೆ. ಮಳೆ ಬರುವ ಮುಂಚೆ ನನ್ನ ಮೊಣಕಾಲು ನೋಯುತ್ತದೆ ಎಂದು ಗೊತ್ತಿರುವುದೂ ಅವಳಿಗೆ, ನನಗೆ ಆಮೇಲೆ ಗೊತ್ತಾಗುತ್ತದೆ. ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು: ಹೋಗಬೇಡ. ಆದರೆ ನಾನು ಜಾವಾದ ಮರ್ಯಾದಸ್ಥ ಮನುಷ್ಯ. ಲೋಟ ಕೆಳಗಿಟ್ಟು ನಾನು ಹೇಳಿದ್ದು ಇದು:

"ಹೋಗು. ಯಾಕೆ ಹೋಗಬಾರ್ದು? ಒಂದು ವರ್ಷ ಯಾಕೆ, ಎರಡು ವರ್ಷ ಇದ್ದು ಬಾ. ನನಗೇನು, ಅನ್ನ ಮಾಡೋಕೆ ಮಷಿನ್ ಇದೆ. ಆರಾಮಾಗಿ ಹೋಗು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನುವುದು ನಮ್ಮಲ್ಲಿ ಒರಟುತನ. ಬೇಡ ಎನ್ನಬೇಕಾದರೆ ಧಾರಾಳವಾಗಿ ಅಪ್ಪಣೆ ಕೊಡಬೇಕು. ಮಗು ಮಳೆಯಲ್ಲಿ ನೆನೆದು ಆಡುತ್ತಿದ್ದರೆ ತಾಯಿ ಬಾಗಿಲಲ್ಲಿ ನಿಂತು, "ಆಡು ಕಂದ, ಇನ್ನೂ ಆಡು, ಅಲ್ಲೇ ಮಲಕ್ಕೊಂಡುಬಿಡು" ಎನ್ನುತ್ತಾಳೆ. ಮಗು ಬಾಲ ಮುದುರಿಕೊಂಡು ಒಳಗೆ ಬರುತ್ತದೆ. ಇದಕ್ಕೆ ನಾವು ಙ್ಲುಲು ಅನ್ನುತ್ತೇವೆ. ಹಾಲು ಕುಡಿಯುವ ಕೂಸಿಗೂ ಅರ್ಥವಾಗುವ ಸಂಗತಿ ಇದು. ನಾನು ಎರಡು ವರ್ಷ ಎಂದಮೇಲೆ ವಿನಾರ್ಸಿ ತಲೆ ತಗ್ಗಿಸಿ, "ಸುಮ್ನೆ ಕೇಳ್ದೆ ಅಷ್ಟೆ" ಎನ್ನಬೇಕಿತ್ತು. ಅಲ್ಲಿಗೆ ಮಾತು ಮುಗಿಯಬೇಕಿತ್ತು.

"ಹೌದಾ? ಸರಿ" ಎಂದಳು ಅವಳು. ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮಾತು ಮುಗಿಯಿತು ಎಂದೇ ನಾನು ತಿಳಿದೆ. ಅಂಗಳಕ್ಕೆ ಹೋಗಿ ಪಂಜರದ ಹಕ್ಕಿಗೆ ಸಿಳ್ಳೆ ಹಾಕಿದೆ. ಮೂರ್ಖನ ಸುಖಕ್ಕೆ ಎಣೆಯುಂಟೇ?

ಎರಡು ದಿನ ಬಿಟ್ಟು ಕಚೇರಿಯಿಂದ ಬಂದರೆ, ಅಟ್ಟದ ಮೇಲಿದ್ದ ದೊಡ್ಡ ಸೂಟ್‌ಕೇಸು ಕೆಳಗಿಳಿದು ಅಂಗಳದ ಬಿಸಿಲಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಬೇರೆ ಯಾವನಾದರೂ ಆಗಿದ್ದರೆ ಹೆಂಡತಿ ಹೊರಟಳು ಎಂದು ತಿಳಿಯುತ್ತಿದ್ದ. ನಾನು ಮಾತಿನ ಮೇಷ್ಟ್ರು, ಅಷ್ಟು ಸುಲಭವಾಗಿ ತಿಳಿಯುವವನಲ್ಲ. ಇದು ಸಂಕೇತ ಎಂದುಕೊಂಡೆ. ನನ್ನ ಙ್ಲುಲುವಿಗೆ ಅವಳು ಎದುರು ಹೂಡಿದ್ದಾಳೆ, ನಾನು ಬಗ್ಗಲಿ ಎಂದು ಸೂಟ್‌ಕೇಸು ತೋರಿಸುತ್ತಿದ್ದಾಳೆ. ಗಂಡು ಬಗ್ಗಬಹುದೇ? ನಾನು ಹತ್ತಿರ ಹೋಗಿ ನೋಡಿ, "ಬೀಗ ಕೆಟ್ಟಿದೆಯಲ್ಲ, ಸರಿ ಮಾಡಿಸ್ಕೊಂಡು ಬರ್ತೀನಿ" ಎಂದೆ. ಎತ್ತಿಕೊಂಡು ಪೇಟೆಗೂ ಹೋದೆ.

ಬೀಗ ಸರಿಯಾಯಿತು. ವಿನಾರ್ಸಿ ತೆಗೆದು ಹಾಕಿ ನೋಡಿ, "ಚೆನ್ನಾಗಿ ಮಾಡಿದಾನೆ" ಎಂದಳು. ಮಾರನೇ ದಿನ ಅದರೊಳಗೆ ಉಡುವ ಎರಡು ಬಾಟಿಕ್ ಬಟ್ಟೆ, ಚಟ್ನಿ ಅರೆಯುವ ಸಣ್ಣ ಒರಳುಕಲ್ಲು, ಅದರ ಗುಂಡು ಕಂಡವು. ಒರಳುಕಲ್ಲು ಕಂಡಾಗ ನನಗೆ ಸ್ವಲ್ಪ ಬೆವರಿತು. ಸಂಕೇತಕ್ಕೆ ಯಾರೂ ಒರಳುಕಲ್ಲು ತುಂಬುವುದಿಲ್ಲ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬದಲಿಗೆ ನಾನೊಂದು ಬ್ರಹ್ಮಾಸ್ತ್ರ ಬಿಟ್ಟೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಹೆಂಡತಿಯನ್ನು ಉಳಿಸಿಕೊಳ್ಳುವುದಕ್ಕಾಗಿ ನಾನು ಅವಳಿಗೆ ಹಡಗಿನ ಟಿಕೆಟ್ ತಂದೆ.

ನನ್ನ ಲೆಕ್ಕಾಚಾರ ಕೇಳಿ. ಹೋಗು ಎಂದರೆ ಹೋಗಬೇಡ ಎಂದಾದರೆ, ಟಿಕೆಟ್ ಕೈಗೆ ಕೊಟ್ಟರೆ 'ಕಾಲು ಹಿಡಿಯುತ್ತೇನೆ, ಹೋಗಬೇಡ' ಎಂದಾಯಿತು. ಇದಕ್ಕಿಂತ ದೊಡ್ಡ ಬೇಡಿಕೆಯನ್ನು ಜಾವಾದ ಯಾವ ಗಂಡನೂ ಮುಂದಿಟ್ಟಿರಲಾರ. ಟಿಕೆಟ್ ಕಂಡ ಕೂಡಲೇ ಅವಳ ಕಣ್ಣು ತುಂಬುತ್ತದೆ, ತಲೆವಸ್ತ್ರದ ಅಂಚು ಬಾಯಿಗೆ ಹಿಡಿಯುತ್ತಾಳೆ, ಸೂಟ್‌ಕೇಸು ಅಟ್ಟಕ್ಕೆ ಹೋಗುತ್ತದೆ. ಈ ದೃಶ್ಯವನ್ನು ನಾನು ಬಸ್ಸಿನಲ್ಲಿ ಕೂತು ಮೂರು ಸಲ ನೋಡಿಕೊಂಡೆ.

ವಿನಾರ್ಸಿ ಟಿಕೆಟ್ಟನ್ನು ಬೆಳಕಿಗೆ ಹಿಡಿದು ಓದಿದಳು. "ಕೆಳಗಿನ ಮಂಚಾನೇ ಹಾಕಿಸಿದೀರಾ?" ಎಂದಳು.

"ಹೂಂ."

"ಒಳ್ಳೇದಾಯ್ತು ಪಾಕ್. ನನಗೆ ಮೇಲೆ ಹತ್ತೋಕೆ ಆಗ್ತಿರ್ಲಿಲ್ಲ."

ಇಂಗು ತಿಂದ ಮಂಗನ ಹಾಗೆ ನಾನು ಅಲ್ಲೇ ನಿಂತಿದ್ದೆ. ಅವಳು ಟಿಕೆಟ್ ಮಡಿಸಿ ಪರ್ಸಿನೊಳಗೆ ಇಟ್ಟಳು, ಆಮೇಲೆ ನನಗೆ ಸಿಹಿಯಾದ ಚಹಾ ಮಾಡಿ ಕೊಟ್ಟಳು. ಅಷ್ಟು ಸಿಹಿ ಚಹಾ ನಾನು ಮಗಳ ಬಾಣಂತನ ಮುಗಿದಾಗಲೂ ಕುಡಿದಿರಲಿಲ್ಲ. ಅರ್ಧ ಲೋಟ ಹಾಗೇ ಬಿಟ್ಟೆ.

ಪಕ್ಕದ ಮನೆಯ ಗುನಾದಿ ನನ್ನ ಬಾಲ್ಯದ ಗೆಳೆಯ, ನಮ್ಮ ಕಚೇರಿಯ ಜೀಪು ಓಡಿಸುತ್ತಾನೆ. ಅವನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು ಸೇದುತ್ತಿದ್ದ ಲವಂಗದ ಸಿಗರೇಟನ್ನು ನೆಲಕ್ಕೆ ಒತ್ತಿ ಆರಿಸಿದ.

"ಹೋಗಬೇಡ ಅಂತ ಹೇಳಿಬಿಡೋದಪ್ಪ" ಎಂದ.

"ಹೇಳೋದಾ? ಮುಖಕ್ಕೆ?"

"ಮಂಗಳವಾರ ಮಂಗಳವಾರ ಅದನ್ನೇ ತಾನೇ ಹೇಳಿಕೊಡೋದು ನೀನು?"

"ಅದು ಚಿಕ್ಕ ಹುಡುಗರಿಗಯ್ಯಾ. ಅವರಿಗಿನ್ನೂ ಮದುವೆ ಆಗಿಲ್ಲ. ನೀನೊಂದು ಕೆಲಸ ಮಾಡು, ನೀನು ಹೋಗಿ ಹೇಳು. ಸೂಕ್ಷ್ಮವಾಗಿ."

ಗುನಾದಿ ಟೋಪಿ ಹಾಕಿಕೊಂಡು ನಮ್ಮ ಮನೆಗೆ ಹೋದ. ನಾನು ಅವನ ಜಗಲಿಯಲ್ಲಿ ಕೂತು ಕಾದೆ. ಬಹಳ ಹೊತ್ತಾದ ಮೇಲೆ ಕೈಯಲ್ಲಿ ಸೋಯಾ ಕಾಳು ಹುದುಗಿಸಿ ಕರಿದ ತೆಂಪೆಯ ಪೊಟ್ಟಣ ಹಿಡಿದುಕೊಂಡು, ಬಾಯಾಡಿಸುತ್ತಾ ವಾಪಸು ಬಂದ.

"ಹೇಳಿದ್ಯಾ?"

"ಹೇಳ್ದೆ. ಅರ್ಥ ಆಯ್ತು ಅವರಿಗೆ."

"ಏನಂತ ಹೇಳ್ದೆ?"

"ಈ ಸಲ ಸಮುದ್ರದಲ್ಲಿ ಅಲೆ ಜಾಸ್ತಿ ಅಂತೆ ಅಂದೆ. ಒಂಟಿ ಇದ್ರೆ ಗಂಡಸರಿಗೆ ಹೊಟ್ಟೆ ಕೆಡುತ್ತೆ ಅಂದೆ. ನಮ್ಮನೆ ಹುಂಜ ಹೇಟೆ ಸತ್ತ ಮೇಲೆ ಕೂಗೋದೇ ಬಿಟ್ಟಿದೆ ಅಂದೆ."

"ಅದಕ್ಕವಳು?"

"ಹುಂಜಕ್ಕೆ ಬೆಳ್ಳುಳ್ಳಿ ತಿನ್ನಿಸಿ ನೋಡಿ ಅಂದ್ರು." ಗುನಾದಿ ಪೊಟ್ಟಣ ನನ್ನ ಕಡೆ ಚಾಚಿದ. "ತಗೋ, ಚೆನ್ನಾಗಿದೆ. ಅಲ್ಲಯ್ಯಾ, ಇಂಥ ಕೈ ಇರೋಳಿಗೆ ನೀನು ಟಿಕೆಟ್ ತಂದುಕೊಟ್ಯಲ್ಲ, ನಿನ್ನ ಬುದ್ಧಿಗೆ ಏನು ಹೇಳೋಣ."

ಅವನಿಗೆ ನನ್ನ ಮೇಲೆ ಕೋಪ ಬಂದಿತ್ತು. ನನಗೂ ಅವನ ಮೇಲೆ ಬಂದಿತ್ತು. ಇಬ್ಬರೂ ಹೇಳಿಕೊಳ್ಳದೆ ತೆಂಪೆ ತಿಂದೆವು.

ಮಂಗಳವಾರ ಬಂತು. ನನ್ನ ತರಗತಿಗೆ ತಿಂಡಿಯ ಡಬ್ಬಿಗಳನ್ನು ಮಾಡಿಕೊಡುವುದು ವಿನಾರ್ಸಿಯೇ, ಎಷ್ಟೋ ವರ್ಷದಿಂದ. ಡಬ್ಬಿ ಜೋಡಿಸಿಟ್ಟು, ಹಂಚುವ ಹೊತ್ತಾಗುವವರೆಗೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ. ನನ್ನ ಪಾಠ ಅವಳಿಗೆ ಬಾಯಿಪಾಠವಾಗಿರಬೇಕು. ಅವತ್ತು ನಾನು ಕೋಲು ಹಿಡಿದು ನಿಂತಾಗ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು.

"ಗಂಡ ಏನೋ ಹೇಳ್ತಾನೆ, ಅದರ ಹಿಂದೆ ಏನಿದೆ ಅಂತ ಹೆಂಡತಿ ಹುಡುಕ್ತಾ ಕೂರಬಾರ್ದು. ಹೆಂಡತಿ ಏನೋ ಹೇಳ್ತಾಳೆ..." ಎಂದು ಶುರುಮಾಡಿದೆ.

ಮುಂದಿನ ಸಾಲಿನಲ್ಲಿದ್ದ ನಿಂಗ್ರುಮ್ ಎಂಬ ಹುಡುಗಿ ಕೈ ಎತ್ತಿದಳು. ಟೈಲರ್ ಅಂಗಡಿಯ ಹುಡುಗಿ, ಬಾಯಿ ಕತ್ತರಿಯಷ್ಟೇ ಚುರುಕು. ಪಕ್ಕದಲ್ಲಿ ಕೂತಿದ್ದ ಅವಳ ಹುಡುಗ ಆಗಲೇ ಗಾಬರಿಯಾಗಿದ್ದ. "ಪಾಕ್, ಒಂದು ಮಾತು ಕೇಳ್ಲಾ? ಮನೇಲಿ ನೀವು ಹೀಗೇ ಮಾತಾಡ್ತೀರಾ?"

ಎಲ್ಲರೂ ನಕ್ಕರು. ನಾನು ಕೆಮ್ಮಿದೆ.

"ನಿಮ್ಮನ್ನಲ್ಲ ಪಾಕ್, ಬೂ ಅವರನ್ನೇ ಕೇಳ್ತೀನಿ" ಎಂದು ನಿಂಗ್ರುಮ್ ಹಿಂದೆ ತಿರುಗಿದಳು. "ಬೂ, ಇವರು ಮನೇಲಿ ನೇರವಾಗಿ ಮಾತಾಡ್ತಾರಾ?"

ವಿನಾರ್ಸಿ ಡಬ್ಬಿಯ ಮುಚ್ಚಳ ಒತ್ತುತ್ತಾ ಇದ್ದವಳು ತಲೆ ಎತ್ತಿದಳು. "ಮಾತಾಡ್ತಾರಮ್ಮ" ಎಂದಳು ಮೆಲ್ಲಗೆ. "ನಾನು ತಂಗಿ ಹತ್ರ ಹೋಗ್ಲಾ ಅಂತ ಕೇಳ್ದೆ. ಹೋಗು ಅಂದ್ರು. ಎರಡು ವರ್ಷ ಇದ್ದು ಬಾ ಅಂದ್ರು. ಬೀಗ ಸರಿ ಮಾಡಿಸಿಕೊಟ್ರು. ಟಿಕೆಟ್ಟೂ ತಂದ್ಕೊಟ್ರು. ಎಷ್ಟು ಗಂಡಸರು ಹೀಗೆ ಮಾಡ್ತಾರೆ ಹೇಳು."

ತರಗತಿ ಚಪ್ಪಾಳೆ ತಟ್ಟಿತು. ನಿಂಗ್ರುಮ್ ತನ್ನ ಹುಡುಗನ ಪಕ್ಕೆಗೆ ತಿವಿದು, "ನೋಡಿ ಕಲಿ" ಎಂದಳು. ವಿನಾರ್ಸಿಯ ಮುಖದಲ್ಲಿ ಹಾಸ್ಯವಿದೆಯೋ, ಅಭಿಮಾನವಿದೆಯೋ, ಬೇರೆ ಏನಾದರೂ ಇದೆಯೋ ಎಂದು ನಾನು ಅಷ್ಟು ದೂರದಿಂದ ಇಣುಕಿ ಇಣುಕಿ ನೋಡಿದೆ. ಮೂವತ್ತು ವರ್ಷ ಓದಿದ ಮುಖ. ಒಂದಕ್ಷರವೂ ತಿಳಿಯಲಿಲ್ಲ. ಚಿತ್ರಗಳು ಇನ್ನೂ ಬಾಕಿ ಇದ್ದವು, ನಾನು ತಿಂಡಿಗೆ ಬಿಟ್ಟೆ.

ಟಿಕೆಟ್ ತಂದ ಸುದ್ದಿ ಹೀಗೆ ಊರೆಲ್ಲಾ ಹಬ್ಬಿತು. ಒಳ್ಳೇ ಗಂಡ ಎಂಬ ಹೆಸರು ಬಂತು. ಹೆಸರು ಬಂದಮೇಲೆ ಕೆಡಿಸಿಕೊಳ್ಳುವುದು ಕಷ್ಟ. ಬೀದಿಯ ಹಿರಿಯರು ಬಂದು, ಅಷ್ಟು ದೂರ ಹೋಗುವವಳಿಗೆ ಪ್ರಾರ್ಥನೆಯ ಊಟ ಇಡಬೇಡವೇ ಎಂದರು. "ಅಯ್ಯೋ, ನಿಮಗ್ಯಾಕೆ ತೊಂದರೆ, ಏನೂ ಬೇಡ" ಎಂದೆ. ಅದನ್ನು ಅವರು ಹೇಗೆ ಅರ್ಥ ಮಾಡಿಕೊಳ್ಳಬೇಕೋ ಹಾಗೆ ಅರ್ಥ ಮಾಡಿಕೊಂಡರು. ಹೊರಡುವ ಹಿಂದಿನ ಸಂಜೆ ನಮ್ಮ ಹಜಾರದಲ್ಲಿ ಚಾಪೆ ಹಾಸಿದ್ದಾಯಿತು, ಅರಿಶಿನದ ಅನ್ನದ ಗೋಪುರ ಎದ್ದಿತು, ಸುತ್ತ ಕೋಳಿ, ಮೊಟ್ಟೆ, ತೆಂಗಿನ ತುರಿ ಹಾಕಿದ ಸೊಪ್ಪು.

ಇಂಥ ಊಟದಲ್ಲಿ ಮನೆಯ ಯಜಮಾನ ಎದ್ದು ಯಾವ ಕಾರಣಕ್ಕೆ ಎಲ್ಲರನ್ನೂ ಕರೆದೆ ಎಂದು ಹೇಳಬೇಕು. ಹೇಳದೆ ಪ್ರಾರ್ಥನೆ ಶುರುವಾಗುವುದಿಲ್ಲ. ನಾನು ಎದ್ದೆ. ಈಗಲಾದರೂ ಹೇಳಿಬಿಡೋಣ, ಇಷ್ಟು ಜನರ ಮುಂದೆ ಹೇಳಿದರೆ ಅವಳು ಹೇಗೆ ಹೋಗುತ್ತಾಳೆ ಎಂದು ಒಂದು ಕ್ಷಣ ಅನಿಸಿತು. ಬಾಯಿ ತೆರೆದೆ. ಮಾತಾಡುವುದೇ ಕಸುಬು ನೋಡಿ, ಹಾಳಾದ್ದು, ಬಹಳ ಚೆನ್ನಾಗಿ ಮಾತಾಡಿಬಿಟ್ಟೆ. ನನ್ನ ಹೆಂಡತಿ ನನ್ನ ಪೂರ್ಣ ಮನಸ್ಸಿನ ಒಪ್ಪಿಗೆಯಿಂದ ಸಮುದ್ರ ದಾಟುತ್ತಿದ್ದಾಳೆ, ಅಲೆ ಶಾಂತವಾಗಿರಲಿ, ಗಾಳಿ ಹಿತವಾಗಿರಲಿ, ಅವಳ ಕೈಯ ಅಡುಗೆ ದೂರದ ಜನರ ಹಸಿವು ತಣಿಸಲಿ ಎಂದೆ. ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಗುನಾದಿ ಮಾತ್ರ ನನ್ನನ್ನು ನೋಡದೆ ಕೋಳಿಯ ಕಾಲನ್ನು ನೋಡುತ್ತಿದ್ದ. ಅಡುಗೆಮನೆಯ ಪರದೆಯ ಹಿಂದೆ ವಿನಾರ್ಸಿ ನಿಂತು ಕೇಳುತ್ತಿದ್ದಳು, ಅವಳ ಪಾದ ಕಾಣುತ್ತಿತ್ತು.

ಬೆಳಗಾಯಿತು. ಹಡಗು ಹೊರಡುವ ಸುರಬಾಯ ಬಂದರಿಗೆ ಹೋಗುವ ಬಸ್ಸು ನಮ್ಮ ಬೀದಿಯ ಮೂಲೆಗೇ ಬರುತ್ತದೆ. ವಿನಾರ್ಸಿ ಅಡುಗೆಮನೆಯಲ್ಲಿ ನಿಂತು, ಯಾವ ಡಬ್ಬಿಯಲ್ಲಿ ಏನಿದೆ ಎಂದು ನನಗೆ ತೋರಿಸುತ್ತಿದ್ದಳು. ಒಣ ಮೆಣಸಿನ ಚಟ್ನಿ ಸಂಬಲ್ ಇಲ್ಲಿ, ಹುರಿದ ಕಡಲೆಕಾಯಿ ಇಲ್ಲಿ, ಅನ್ನಕ್ಕೆ ನೀರು ಬೆರಳಿನ ಮೊದಲ ಗೆಣ್ಣಿನವರೆಗೆ. ನಾನು ಹೂಂ ಹೂಂ ಎನ್ನುತ್ತಿದ್ದೆ. ಅವಳು ಬೆರಳು ಅಡ್ಡ ಹಿಡಿದು ಗೆಣ್ಣು ತೋರಿಸಿದಾಗ ನನಗೆ ತಡೆಯಲಾಗಲಿಲ್ಲ.

"ಹೋಗಬೇಡ" ಎಂದೆ.

ಅವಳ ಬೆರಳು ಹಾಗೇ ನಿಂತಿತು.

"ಹೋಗಬೇಡ ಬೂ. ನೀನು ಹೋಗೋದು ನನಗೆ ಬೇಡ. ಮೊದಲ ದಿನಾನೇ ಬೇಡವಾಗಿತ್ತು. ಹೋಗು ಅಂದಿದ್ದು ಸುಳ್ಳು, ಎರಡು ವರ್ಷ ಅಂದಿದ್ದು ಸುಳ್ಳು. ಟಿಕೆಟ್ ತಂದಿದ್ದಂತೂ... ಅದು ಯಾಕೆ ತಂದೆ ಅಂತ ನನಗೇ ಗೊತ್ತಿಲ್ಲ. ನೀನಿಲ್ಲದೆ ಈ ಮನೇಲಿ ನಾನು ಏನು ಮಾಡ್ಲಿ? ಹೆದರಿಕೆ ಆಗುತ್ತೆ."

ಹೇಳಿ ಮುಗಿಸಿದಾಗ, ಅಲ್ಲಾನೇ ಸಾಕ್ಷಿ, ಒಳಗೊಳಗೇ ಒಂದು ಹೆಮ್ಮೆ ಆಯಿತು. ಹೇಳಿಬಿಟ್ಟೆ. ಪಾಠದಲ್ಲಿದ್ದ ಹಾಗೆಯೇ ಹೇಳಿದೆ. ಇನ್ನೇನು, ಅವಳು ಉಳಿದುಬಿಡುತ್ತಾಳೆ.

ವಿನಾರ್ಸಿ ಸ್ಟೂಲು ಎಳೆದುಕೊಂಡು ಕೂತಳು.

"ನನಗೆ ಗೊತ್ತಿತ್ತು ಪಾಕ್" ಎಂದಳು.

"ಏನು ಗೊತ್ತಿತ್ತು?"

"ಹೋಗು ಅಂದ್ರಲ್ಲ, ಅದು ಹೋಗಬೇಡ ಅಂತ. ಗೊತ್ತಾಗದೆ ಏನು? ಮೂವತ್ತು ವರ್ಷ ನಿಮ್ಮ ಕೆಮ್ಮು ಕೇಳಿದೀನಿ."

"ಮತ್ತೆ? ಗೊತ್ತಿದ್ದೂ..."

"ಮದುವೆಯಾದ ಹೊಸದ್ರಲ್ಲಿ ಸೋಲೋದಲ್ಲಿ ಹೊಲಿಗೆ ಕಲಿಯೋಕೆ ಹೋಗ್ಲಾ ಅಂತ ಕೇಳ್ದೆ. ನೆನಪಿದೆಯಾ? ಹೋಗು, ಅಲ್ಲೇ ಮನೆ ಮಾಡು ಅಂದ್ರಿ. ನನಗೆ ಅರ್ಥ ಆಯ್ತು, ಹೋಗ್ಲಿಲ್ಲ. ಆಮೇಲೆ ಪೇಟೇಲಿ ಒಂದು ಸಣ್ಣ ಅನ್ನದಂಗಡಿ ಇಡ್ಲಾ ಅಂದೆ. ಇಡು, ಒಂದ್ಯಾಕೆ, ಐದು ಇಡು ಅಂದ್ರಿ. ಅದೂ ಅರ್ಥ ಆಯ್ತು. ಎಷ್ಟು ಚೆನ್ನಾಗಿ ಅರ್ಥ ಆಗ್ತಿತ್ತು ಅಂದ್ರೆ, ನೀವು ಒಂದು ಸಲಾನೂ ಬೇಡ ಅನ್ನಬೇಕಾಗಿ ಬರ್ಲಿಲ್ಲ. ಯಾವತ್ತೂ ಬೇಡ ಅನ್ನದ ಗಂಡ ಅಂತ ನಿಮಗೆ ಹೆಸರೂ ಬಂತು." ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಈ ಸಲ ಅರ್ಥ ಮಾಡ್ಕೊಳ್ಳೋದು ಬೇಡ ಅಂದ್ಕೊಂಡೆ. ಅರ್ಥ ಮಾಡ್ಕೊಂಡು ಮಾಡ್ಕೊಂಡು ಸಾಕಾಗಿದೆ ಪಾಕ್."

ನನಗೆ ಹೊಲಿಗೆ ನೆನಪಿರಲಿಲ್ಲ. ಅನ್ನದಂಗಡಿ ಅರೆಬರೆ ನೆನಪಿತ್ತು. ಅವಳು ಸುಮ್ಮನೆ ಬಾಯಿಮಾತಿಗೆ ಕೇಳಿದ್ದಳು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅವಳು ಕೇಳಿದ್ದನ್ನೆಲ್ಲ ನನ್ನ ಬಗ್ಗೆ ಏನೋ ಹೇಳುತ್ತಿದ್ದಾಳೆ ಎಂದು ತಿರುಗಿಸಿ ತಿರುಗಿಸಿ ನೋಡಿದವನಿಗೆ, ಅದು ಅವಳ ಬಗ್ಗೆ ಇರಬಹುದು ಎಂದು ಹೊಳೆದಿರಲಿಲ್ಲ. ಅವಳಿಗೆ ಹೋಗಬೇಕೆಂಬ ಆಸೆ ಇದ್ದದ್ದರಿಂದಲೇ ಹೋಗಲಾ ಎಂದು ಕೇಳಿದ್ದಳು. ಇದಕ್ಕಿಂತ ನೇರವಾಗಿ ಯಾರೂ ಮಾತಾಡಲಾರರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

"ಈಗ ನಾನು ಬೇಡ ಅಂದೆನಲ್ಲ" ಎಂದೆ, ಮಗುವಿನ ಹಾಗೆ. "ನೇರವಾಗೇ ಅಂದೆ."

"ಅಂದ್ರಿ. ನನಗೆ ಸಂತೋಷ ಆಯ್ತು. ನಿಜವಾಗ್ಲೂ ಆಯ್ತು." ಅವಳು ಕಣ್ಣಂಚನ್ನು ಮುಂಗೈಯಲ್ಲಿ ಒತ್ತಿಕೊಂಡಳು. "ನಾನೂ ನೇರವಾಗೇ ಹೇಳ್ತೀನಿ. ನನಗೆ ಹೋಗಬೇಕು. ಆ ಅಡುಗೆಮನೆ ನನಗೆ ಬೇಕು. ಇಷ್ಟು ದೊಡ್ಡ ಹಂಡೆ ಇಟ್ಟು, ಬಂದೋರಿಗೆಲ್ಲ ನಾನು ಬಡಿಸಬೇಕು. ನಿಮ್ಮ ಮೇಲೆ ಕೋಪ ಮಾಡ್ಕೊಂಡು ಹೋಗ್ತಿಲ್ಲ. ಹೋಗಬೇಕು ಅನಿಸಿದೆ, ಹೋಗ್ತೀನಿ."

ಜಕಾರ್ತದವರು ಕಳಿಸಿದ ಚಿತ್ರಗಳಲ್ಲಿ ಇದಿಲ್ಲ. ಅವುಗಳಲ್ಲಿ ಒಬ್ಬರು ನೇರವಾಗಿ ಹೇಳುತ್ತಾರೆ, ಇನ್ನೊಬ್ಬರು ನಗುತ್ತಾರೆ, ಇಬ್ಬರೂ ಕೈ ಹಿಡಿದುಕೊಂಡು ಹೊಲದ ಕಡೆ ನಡೆಯುತ್ತಾರೆ. ಎದುರಿನವರೂ ಅಷ್ಟೇ ನೇರವಾಗಿ ಬೇರೆಯದನ್ನೇ ಹೇಳಿದರೆ ಏನು ಮಾಡಬೇಕೆಂದು ಅವನ್ನು ಬರೆದವರಿಗೂ ತಿಳಿದಿರಲಿಕ್ಕಿಲ್ಲ. ನನ್ನ ಹತ್ತಿರ ಇನ್ನೊಂದು ಅಸ್ತ್ರವಿತ್ತು: ನನಗೆ ಎದೆ ನೋವು ಎಂದು ಕೂರಬಹುದಿತ್ತು. ನಿಜ ಹೇಳುತ್ತೇನೆ, ಯೋಚನೆ ಬಂತು, ಕೈ ಎದೆಯ ಹತ್ತಿರಕ್ಕೂ ಹೋಯಿತು. ವಿನಾರ್ಸಿ ಆ ಕೈಯನ್ನೇ ನೋಡಿದಳು. ನಾನು ಅಂಗಿಯ ಗುಂಡಿ ಹಾಕಿಕೊಂಡೆ.

"ಎಷ್ಟು ದಿನ?" ಎಂದು ಕೇಳಿದೆ.

"ಒಂದು ವರ್ಷ ಅಂತ ಹೊರಟಿದೀನಿ. ಆಮೇಲೆ ಏನನಿಸುತ್ತೋ ಈಗ ಗೊತ್ತಿಲ್ಲ. ಗೊತ್ತಾದಾಗ ಹೇಳ್ತೀನಿ."

ಒಂದು ವರ್ಷ ಆದ ಕೂಡಲೇ ಬರುತ್ತೇನೆ ಎಂದು ಅವಳು ಹೇಳಬಹುದಿತ್ತು. ಹಿಂದಿನ ವಿನಾರ್ಸಿಯಾಗಿದ್ದರೆ ಹೇಳುತ್ತಿದ್ದಳು, ನಾನು ನೆಮ್ಮದಿಯಿಂದ ನಂಬುತ್ತಿದ್ದೆ. ನೇರ ಮಾತು ಇಷ್ಟು ಭಾರವಿರುತ್ತದೆ ಎಂದು ಗೊತ್ತಿದ್ದರೆ ಆ ಪಾಪದ ಹುಡುಗರಿಗೆ ಸ್ವಲ್ಪ ಎಚ್ಚರಿಕೆ ಕೊಟ್ಟಿರುತ್ತಿದ್ದೆ.

ಸೂಟ್‌ಕೇಸು ನಾನೇ ಎತ್ತಿದೆ. ಒರಳುಕಲ್ಲಿನ ಭಾರಕ್ಕೆ ಭುಜ ಜೋತುಬಿತ್ತು. ಬೀದಿಯ ಮೂಲೆಯಲ್ಲಿ ಅರ್ಧ ಊರು ಸೇರಿತ್ತು. ಗುನಾದಿ ಓಡಿಬಂದು ಇನ್ನೊಂದು ಬದಿ ಹಿಡಿದು, ನನ್ನ ಕಿವಿಯಲ್ಲಿ, "ಹೇಳಿದ್ಯಾ?" ಎಂದ.

"ಹೇಳ್ದೆ."

"ಮತ್ತೆ ಹೊರಟಿದಾರಲ್ಲ?"

"ಅವಳೂ ಹೇಳಿದ್ಲು."

ಗುನಾದಿ ಏನೂ ಅರ್ಥವಾಗದವನ ಹಾಗೆ ನನ್ನನ್ನು ನೋಡಿದ. ಬಸ್ಸು ಬಂತು, ಕಂಡಕ್ಟರು ಸೂಟ್‌ಕೇಸನ್ನು ಬಸ್ಸಿನ ಹೊಟ್ಟೆಯೊಳಗೆ ತಳ್ಳಿದ. ವಿನಾರ್ಸಿ ನನ್ನ ಕೈಯನ್ನು ಹಣೆಗೆ ಮುಟ್ಟಿಸಿಕೊಂಡಳು, ಎಲ್ಲ ಹೆಂಡತಿಯರೂ ಮಾಡುವ ಹಾಗೆ. ಜನ ಸುತ್ತ ನಿಂತು ನೋಡುತ್ತಿದ್ದರು. ಒಳ್ಳೇ ಗಂಡ ಏನಾದರೂ ಚೆಂದದ ಮಾತು ಹೇಳುತ್ತಾನೆ, ಕಣ್ಣೊರೆಸಿಕೊಳ್ಳೋಣ ಎಂದು ಕಾದಿದ್ದರು.

"ನೀನು ಹೋಗ್ತಿರೋದು ನನಗೆ ಇಷ್ಟ ಇಲ್ಲ" ಎಂದೆ. ದನಿ ಸಣ್ಣದಾಗಿಯೇ ತೆಗೆದಿದ್ದೆ, ಆದರೂ ಎಲ್ಲರಿಗೂ ಕೇಳಿಸಿತು. ಹಿರಿಯರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ನಿನ್ನೆ ನಾನು ಗಳಿಸಿದ ಹೆಸರೆಲ್ಲ ಬೀದಿಯ ಧೂಳಿಗೆ ಬಿತ್ತು. "ಇಷ್ಟ ಇಲ್ಲ ವಿನಾರ್ಸಿ. ಹೋಗಿ ಬಾ."

ಎರಡು ಮಾತೂ ನಿಜವಾಗಿತ್ತು. ಅವಳು ನನ್ನ ಮುಖದಲ್ಲಿ ಏನನ್ನೂ ಹುಡುಕಲಿಲ್ಲ. "ಸರಿ" ಎಂದು ಬಸ್ಸು ಹತ್ತಿದಳು.